ಪಿಕ್ಸೆಲ್ ಹಾಸು ಮತ್ತು ಕನ್ನಡದ ಒತ್ತಕ್ಷರ

ಬರಹದ ಚರಿತ್ರೆಯು ಬರಹವನ್ನು ಹೊತ್ತ ಮೇಲ್ಮೈಗಳ ಚರಿತ್ರೆಯೂ ಹೌದು. ಕಲ್ಲು, ತಾಮ್ರಪಟ, ಓಲೆಗರಿ, ಕಡತ, ಕಾಗದ ಇವೆಲ್ಲವೂ ಬೇರೆ ಬೇರೆ ಕಾಲದಲ್ಲಿ ಕನ್ನಡ ಅಕ್ಷರಕ್ಕೆ ಆಶ್ರಯ ನೀಡಿವೆ. ಪ್ರತಿಯೊಂದು ಮೇಲ್ಮೈಯೂ ತನ್ನದೇ ಆದ ಅನುಕೂಲವನ್ನು ಮತ್ತು ನಿರ್ಬಂಧವನ್ನು ಲಿಪಿಯ ಮೇಲೆ ಹೇರಿದೆ. ಈ ಸಾಲಿನಲ್ಲಿ ತೀರ ಈಚಿನದು ಗಣಕದ ಪರದೆ. ಅದರ ಹಿಂದೆ ಇರುವುದು ಗಣಕದ ಸ್ಮೃತಿಯಲ್ಲಿ ನಿರ್ಮಾಣಗೊಳ್ಳುವ ಪಿಕ್ಸೆಲ್‌ಗಳ ಒಂದು ಹಾಸು. ಈ ಹಾಸನ್ನು ಹೇಗೆ ಸೃಷ್ಟಿಸಲಾಗುತ್ತದೆ, ಅದರ ಮೇಲೆ ಯಾವ ಕ್ರಿಯೆಗಳು ನಡೆಯುತ್ತವೆ, ಆ ಕ್ರಿಯೆಗಳ ನಡುವೆ ಕನ್ನಡದ ಅಕ್ಷರ ಎಲ್ಲಿ ಉಳಿಯುತ್ತದೆ ಮತ್ತು ಎಲ್ಲಿ ಅಳಿಯುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿವರಣೆಗೆ ಒಂದು ಊರಿನ ಹೆಸರನ್ನು ಆಧಾರವಾಗಿ ಇಟ್ಟುಕೊಳ್ಳಬಹುದು. ಕೂಡ್ಲಿಗಿ ಸೀಮೆಯ ಹೊಸಹಳ್ಳಿ ಅಂಥದೊಂದು ಹೆಸರು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿದ ಈ ಭಾಗದ ಐದು ತಾಲ್ಲೂಕುಗಳ ಹೆಸರುಗಳನ್ನು ಗಮನಿಸಿದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಈ ನಾಲ್ಕರಲ್ಲಿಯೂ ಒತ್ತಕ್ಷರವಿದೆ. ಒತ್ತಿಲ್ಲದ ಹೆಸರು ಹಡಗಲಿ ಒಂದೇ. ಕನ್ನಡದಲ್ಲಿ ಒತ್ತು ಅಲಂಕಾರವಲ್ಲ. ಅದು ಅರ್ಥದ ಅಂಗ. ಹಳ್ಳಿಯ ಒತ್ತು ಕಳಚಿದರೆ ಹಳಿಯಾಗುತ್ತದೆ, ಕತ್ತೆಯ ಒತ್ತು ಕಳಚಿದರೆ ಕತೆಯಾಗುತ್ತದೆ. ಆದ್ದರಿಂದ ಪಿಕ್ಸೆಲ್ ಹಾಸಿನ ಎತ್ತರ, ಅಂಚು, ಬಣ್ಣದ ಆಳ ಇತ್ಯಾದಿ ತಾಂತ್ರಿಕ ನಿರ್ಧಾರಗಳು ಕನ್ನಡದ ಮಟ್ಟಿಗೆ ಭಾಷಿಕ ನಿರ್ಧಾರಗಳೂ ಆಗುತ್ತವೆ.

ಹಾಸಿನ ರಚನೆ

ಪಿಕ್ಸೆಲ್ ಎಂದರೆ ಚಿತ್ರದ ಅತ್ಯಂತ ಚಿಕ್ಕ ಘಟಕ. ಈ ಪದ 1965ರಲ್ಲಿ ಫ್ರೆಡರಿಕ್ ಬಿಲಿಂಗ್ಸ್‌ಲಿ ಅವರ ಪ್ರಬಂಧಗಳ ಮೂಲಕ ಮುದ್ರಣಕ್ಕೆ ಬಂದಿತು. ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿದ ಪಿಕ್ಸೆಲ್‌ಗಳ ಆಯತಾಕಾರದ ಸಮೂಹವನ್ನು ಗ್ರಾಫಿಕ್ಸ್ ಪ್ರೋಗ್ರಾಮಿಂಗ್‌ನಲ್ಲಿ ಸರ್ಫೇಸ್ ಎಂದು ಕರೆಯಲಾಗುತ್ತದೆ. ಮಗ್ಗದ ಹಾಸು ಹೊಕ್ಕುಗಳಂತೆ ಉದ್ದ ಅಡ್ಡಗಳ ಹೆಣಿಗೆಯೇ ಇದರ ಸ್ವರೂಪವಾದ್ದರಿಂದ ಇಲ್ಲಿ ‘ಹಾಸು’ ಎಂಬ ಪದವನ್ನು ಬಳಸಲಾಗಿದೆ. 1998ರಲ್ಲಿ ಸ್ಯಾಮ್ ಲ್ಯಾಂಟಿಂಗ ಅವರು ಬಿಡುಗಡೆ ಮಾಡಿದ ಎಸ್‌ಡಿಎಲ್ ಎಂಬ ತಂತ್ರಾಂಶ ಭಂಡಾರವಾಗಲಿ, ಅದಕ್ಕೂ ಮುಂಚಿನ ಹಾಗೂ ನಂತರದ ಇತರ ಭಂಡಾರಗಳಾಗಲಿ ಹಾಸನ್ನು ವರ್ಣಿಸುವಾಗ ಸ್ಥೂಲವಾಗಿ ನಾಲ್ಕು ಸಂಗತಿಗಳನ್ನು ಹೇಳುತ್ತವೆ: ಅಗಲ, ಎತ್ತರ, ಪ್ರತಿ ಪಿಕ್ಸೆಲ್‌ಗೆ ಮೀಸಲಾದ ಬಿಟ್‌ಗಳು ಮತ್ತು ಒಂದು ಸಾಲಿನಿಂದ ಮುಂದಿನ ಸಾಲಿಗೆ ಇರುವ ಅಂತರ.

ಹಾಸನ್ನು ಸೃಷ್ಟಿಸುವುದೆಂದರೆ ಈ ಅಳತೆಗೆ ತಕ್ಕ ಸ್ಮೃತಿಯನ್ನು ಕಾಯ್ದಿರಿಸುವುದು. 640 ಪಿಕ್ಸೆಲ್ ಅಗಲ ಮತ್ತು 480 ಪಿಕ್ಸೆಲ್ ಎತ್ತರದ ಹಾಸಿನಲ್ಲಿ 3,07,200 ಪಿಕ್ಸೆಲ್‌ಗಳಿವೆ. ಕಪ್ಪು ಬಿಳುಪು ಮಾತ್ರ ಸಾಕೆಂದಾದರೆ ಪ್ರತಿ ಪಿಕ್ಸೆಲ್‌ಗೆ 1 ಬಿಟ್‌ನಂತೆ 38,400 ಬೈಟ್‌ಗಳು ಬೇಕು. ಕೆಂಪು, ಹಸಿರು, ನೀಲಿಗಳಿಗೆ ತಲಾ 8 ಬಿಟ್ ಕೊಟ್ಟರೆ 9,21,600 ಬೈಟ್‌ಗಳು ಬೇಕು. ಪಾರದರ್ಶಕತೆಯನ್ನು ಸೂಚಿಸಲು ಇನ್ನೊಂದು 8 ಬಿಟ್ ಸೇರಿಸಿದರೆ ಆ ಸಂಖ್ಯೆ 12,28,800ಕ್ಕೆ ಏರುತ್ತದೆ. ಸ್ಮೃತಿ ದುಬಾರಿಯಾಗಿದ್ದ ಕಾಲದಲ್ಲಿ ಈ ಲೆಕ್ಕವೇ ಯಾವ ಲಿಪಿ ಪರದೆಯ ಮೇಲೆ ಬರಬಹುದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿತು.

ಸ್ಮೃತಿಯಲ್ಲಿ ಹಾಸು ಆಯತವಾಗಿ ಇರುವುದಿಲ್ಲ. ಅದು ಒಂದೇ ಉದ್ದನೆಯ ಸರಣಿ. ಆಯತದ ಕಲ್ಪನೆಯನ್ನು ಲೆಕ್ಕದ ಮೂಲಕ ಸಾಧಿಸಬೇಕಾಗುತ್ತದೆ. ಸಾಲಿನ ಸಂಖ್ಯೆಯನ್ನು ಸಾಲಿನ ಬೈಟ್ ಉದ್ದದಿಂದ ಗುಣಿಸಿ, ಕಂಬದ ಸಂಖ್ಯೆಯನ್ನು ಪಿಕ್ಸೆಲ್‌ನ ಬೈಟ್ ಗಾತ್ರದಿಂದ ಗುಣಿಸಿ ಕೂಡಿದರೆ ಬೇಕಾದ ಪಿಕ್ಸೆಲ್‌ನ ವಿಳಾಸ ದೊರೆಯುತ್ತದೆ. ಸಾಲಿನ ಈ ಉದ್ದಕ್ಕೆ ಪಿಚ್ ಎಂದು ಹೆಸರು. ಇದು ಅಗಲದಷ್ಟೇ ಇರಬೇಕೆಂದಿಲ್ಲ. ವಿಂಡೋಸ್‌ನ ಬಿಟ್‌ಮ್ಯಾಪ್ ಚಿತ್ರಗಳಲ್ಲಿ ಪ್ರತಿ ಸಾಲೂ 4 ಬೈಟ್‌ಗಳ ಗುಣಕದಲ್ಲಿ ಮುಗಿಯಬೇಕು. 101 ಪಿಕ್ಸೆಲ್ ಅಗಲದ, ಪಿಕ್ಸೆಲ್‌ಗೆ 3 ಬೈಟ್ ಇರುವ ಹಾಸಿನಲ್ಲಿ ಸಾಲಿಗೆ 303 ಬೈಟ್ ಸಾಕಾದರೂ ಪಿಚ್ 304 ಆಗುತ್ತದೆ. ಎಣಿಕೆಯನ್ನು ಸೊನ್ನೆಯಿಂದ ಆರಂಭಿಸಿದರೆ 10ನೆಯ ಸಾಲಿನ 20ನೆಯ ಪಿಕ್ಸೆಲ್ ಇರುವುದು 3100ನೆಯ ಬೈಟಿನಲ್ಲಿ. ಪಿಚ್ಚನ್ನು ಮರೆತು 303ರಿಂದ ಗುಣಿಸಿದವರಿಗೆ 3090 ದೊರೆಯುತ್ತದೆ. ಪ್ರತಿ ಸಾಲಿಗೆ ಒಂದೊಂದು ಬೈಟಿನಂತೆ ತಪ್ಪು ಬೆಳೆದು ಇಡೀ ಚಿತ್ರ ಓರೆಯಾಗುತ್ತದೆ, ಬಣ್ಣಗಳು ಅದಲು ಬದಲಾಗುತ್ತವೆ.

ಚೌಕದಿಂದ ಹಾಸಿಗೆ

ಆರಂಭದ ವೈಯಕ್ತಿಕ ಗಣಕಗಳಲ್ಲಿ ಅಕ್ಷರಗಳು ಇಂಥ ಮುಕ್ತ ಹಾಸಿನ ಮೇಲೆ ಮೂಡುತ್ತಿರಲಿಲ್ಲ. 1981ರ ಐಬಿಎಂ ಗಣಕದ ಬಣ್ಣದ ಕಾರ್ಡು 640×200 ಪಿಕ್ಸೆಲ್‌ಗಳ ಪರದೆಯನ್ನು 80 ಅಕ್ಷರಗಳ 25 ಸಾಲುಗಳಾಗಿ ವಿಭಜಿಸುತ್ತಿತ್ತು. ಒಂದು ಅಕ್ಷರಕ್ಕೆ ದೊರೆಯುತ್ತಿದ್ದುದು 8×8ರ ಒಂದು ಚೌಕ. ಇಂಗ್ಲಿಷಿನ ಅಕ್ಷರಗಳಿಗೆ ಅದು ಸಾಕಾಗುತ್ತಿತ್ತು. ಕನ್ನಡಕ್ಕೆ ಏಕೆ ಸಾಲದು ಎಂಬುದನ್ನು ಸರಳ ಲೆಕ್ಕದಿಂದ ತೋರಿಸಬಹುದು. ಒಂದರ ಕೆಳಗೊಂದು ಮೂರು ಅಡ್ಡಗೆರೆಗಳಿರುವ ಆಕೃತಿಗೆ, ಗೆರೆಗೆ 1 ಮತ್ತು ನಡುವಣ ತೆರಪಿಗೆ 1ರಂತೆ, ಕನಿಷ್ಠ 5 ಸಾಲುಗಳು ಬೇಕು. ‘ಳ್ಳಿ’ ಎಂಬ ಅಕ್ಷರದಲ್ಲಿ ಗುಡಿಸಿಗೆ 2, ಮೂಲ ಅಕ್ಷರಕ್ಕೆ 5, ತೆರಪಿಗೆ 1, ಒತ್ತಿಗೆ 5 ಎಂದು ಅತಿ ಜಿಪುಣತನದಿಂದ ಹಂಚಿದರೂ 13 ಸಾಲುಗಳಾಗುತ್ತವೆ. ಮುಂದಿನ ಸಾಲಿನಿಂದ ಬೇರ್ಪಡಿಸಲು ಇನ್ನೊಂದು ಬೇಕು. 200 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಇಂಗ್ಲಿಷಿಗೆ 25 ಸಾಲುಗಳು ದೊರೆತರೆ ಕನ್ನಡಕ್ಕೆ 14 ಮಾತ್ರ ದೊರೆಯುತ್ತವೆ.

ಈ ಇಕ್ಕಟ್ಟಿನಿಂದ ಹೊರಬರಲು ಎರಡು ದಾರಿಗಳು ಕಂಡವು. ಒಂದು, ಗಣಕಕ್ಕೆ ಪ್ರತ್ಯೇಕ ಯಂತ್ರಾಂಶವನ್ನು ಅಳವಡಿಸುವುದು. ಕಾನ್ಪುರದ ಐಐಟಿಯಲ್ಲಿ ಆರಂಭವಾದ ಕೆಲಸವನ್ನು ಮುಂದುವರಿಸಿ, 1988ರಲ್ಲಿ ಸ್ಥಾಪನೆಗೊಂಡ ಪುಣೆಯ ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಲಿಪಿಗಳಿಗಾಗಿ ಒದಗಿಸಿದ ಜಿಸ್ಟ್ ಕಾರ್ಡು ಈ ಬಗೆಯದು. ಇನ್ನೊಂದು, ಅಕ್ಷರವನ್ನು ಚೌಕದ ಬಂಧನದಿಂದ ಬಿಡಿಸಿ ಪಿಕ್ಸೆಲ್ ಹಾಸಿನ ಮೇಲೆ ಚಿತ್ರದಂತೆ ಬರೆಯುವುದು. ಇದರ ಬೇರುಗಳು ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿವೆ. ಅಲ್ಲಿ 1973ರಲ್ಲಿ ಸಿದ್ಧವಾದ ಆಲ್ಟೊ ಗಣಕದ ಪರದೆಯು 606×808 ಪಿಕ್ಸೆಲ್‌ಗಳ ಹಾಸಾಗಿತ್ತು. ಅದೇ ಗಣಕಕ್ಕಾಗಿ 1975ರಲ್ಲಿ ಡ್ಯಾನ್ ಇಂಗಲ್ಸ್ ಮತ್ತು ಸಹೋದ್ಯೋಗಿಗಳು ಬಿಟ್‌ಬ್ಲಿಟ್ ಎಂಬ ಕ್ರಿಯೆಯನ್ನು ರೂಪಿಸಿದರು. ಒಂದು ಹಾಸಿನ ಆಯತವನ್ನು ಇನ್ನೊಂದು ಹಾಸಿನ ಬೇಕಾದ ಸ್ಥಾನಕ್ಕೆ ನಕಲು ಮಾಡುವುದೇ ಈ ಕ್ರಿಯೆ. ಅಚ್ಚುಮೊಳೆಯನ್ನು ಕಾಗದದ ಮೇಲೆ ಎಲ್ಲಿ ಬೇಕಾದರೂ ಒತ್ತುವ ಸ್ವಾತಂತ್ರ್ಯವನ್ನು ಇದು ಗಣಕಕ್ಕೆ ತಂದಿತು.

ಕನ್ನಡಕ್ಕೆ ಈ ಸ್ವಾತಂತ್ರ್ಯ ಜನಬಳಕೆಯ ಮಟ್ಟದಲ್ಲಿ ದೊರೆತದ್ದು ವಿಂಡೋಸ್ ಬಂದ ಮೇಲೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಮತ್ತು ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಅಕ್ಷರಭಾಗಗಳನ್ನು ಅಕ್ಕಪಕ್ಕದಲ್ಲಿ, ಮೇಲೆ ಕೆಳಗೆ ಜೋಡಿಸಿ ಕನ್ನಡವನ್ನು ಮೂಡಿಸಿದವು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಎಂಬ ಯೂನಿಕೋಡ್ ಫಾಂಟ್ ಬಂದಿತು.

ಸಂಕೇತದಿಂದ ಆಕೃತಿಗೆ

ಯೂನಿಕೋಡ್ ಪದ್ಧತಿಯಲ್ಲಿ ‘ಹೊಸಹಳ್ಳಿ’ ಎಂಬ ಹೆಸರು ಎಂಟು ಸಂಕೇತಗಳಾಗಿ ಸಂಗ್ರಹವಾಗುತ್ತದೆ: ಹ, ಒಕಾರದ ಚಿಹ್ನೆ, ಸ, ಹ, ಳ, ಹಲಂತ, ಳ, ಇಕಾರದ ಚಿಹ್ನೆ. ಓದುಗರಿಗೆ ಕಾಣುವುದು ಹೊ, ಸ, ಹ, ಳ್ಳಿ ಎಂಬ ನಾಲ್ಕು ಅಕ್ಷರಗಳು. ಹಾಸಿನ ಮೇಲೆ ಒತ್ತಬೇಕಾದ ಆಕೃತಿಗಳ ಸಂಖ್ಯೆ ಇವೆರಡಕ್ಕಿಂತಲೂ ಬೇರೆ. ಅದು ಫಾಂಟ್‌ನಿಂದ ಫಾಂಟ್‌ಗೆ ಬದಲಾಗುತ್ತದೆ. ಸಂಗ್ರಹದ ಕ್ರಮಕ್ಕೂ ಕಾಣುವ ಕ್ರಮಕ್ಕೂ ವ್ಯತ್ಯಾಸವಿದೆ. ಇಕಾರದ ಚಿಹ್ನೆ ಸಂಗ್ರಹದಲ್ಲಿ ಎರಡನೆಯ ಳಕಾರದ ನಂತರ ಬಂದರೂ ಪರದೆಯ ಮೇಲೆ ಮೊದಲನೆಯ ಳಕಾರದ ತಲೆಯನ್ನು ಸೇರುತ್ತದೆ. ಎರಡನೆಯ ಳಕಾರ ಕೆಳಗೆ, ತುಸು ಬಲಕ್ಕೆ ಒತ್ತಾಗಿ ಇಳಿಯುತ್ತದೆ. ‘ಸರ್ವೆ’ ಎಂಬಲ್ಲಿ ಮೊದಲು ಉಚ್ಚರಿಸುವ ರೇಫ ಕೊನೆಗೆ ಅರ್ಕಾವೊತ್ತಾಗಿ ಬಲಗಡೆ ಕೂರುತ್ತದೆ.

ಈ ಮರುಜೋಡಣೆಯನ್ನು ಹಾರ್ಫ್‌ಬಝ್‌ನಂತಹ ಲಿಪಿಸಂಯೋಜಕ ತಂತ್ರಾಂಶ ನಿರ್ವಹಿಸುತ್ತದೆ. ಅದು ಯಾವ ಆಕೃತಿ ಎಲ್ಲಿ ಎಂಬ ಪಟ್ಟಿಯನ್ನು ಕೊಟ್ಟರೆ, ಫ್ರೀಟೈಪ್‌ನಂತಹ ಇನ್ನೊಂದು ತಂತ್ರಾಂಶ ಪ್ರತಿ ಆಕೃತಿಯ ರೂಪರೇಖೆಯನ್ನು ಚಿಕ್ಕ ಪಿಕ್ಸೆಲ್ ಹಾಸಾಗಿ ಪರಿವರ್ತಿಸುತ್ತದೆ. ಆ ಚಿಕ್ಕ ಹಾಸುಗಳನ್ನು ದೊಡ್ಡ ಹಾಸಿನ ಮೇಲೆ ಒತ್ತುವುದು ಗ್ರಾಫಿಕ್ಸ್ ಪ್ರೋಗ್ರಾಮಿನ ಕೆಲಸ. ಮೊದಲ ಎರಡು ಹಂತಗಳು ಸರಿಯಾಗಿದ್ದರೂ ಮೂರನೆಯ ಹಂತದಲ್ಲಿ ಅಕ್ಷರ ಕೆಡಬಹುದು ಎಂಬುದು ವಿಶೇಷವಾಗಿ ಗಮನಾರ್ಹ.

ಒತ್ತು ಅಳಿಯುವ ಮೂರು ಬಗೆಗಳು

ಮೊದಲನೆಯದು ಅಂಚಿನ ಕತ್ತರಿ. ಹಾಸಿನ ಎಲ್ಲೆಯನ್ನು ಮೀರಿದ ಪಿಕ್ಸೆಲ್‌ಗಳನ್ನು ನಕಲು ಕ್ರಿಯೆ ಸದ್ದಿಲ್ಲದೆ ಕೈಬಿಡುತ್ತದೆ. ಸ್ಮೃತಿಯ ಸುರಕ್ಷತೆಗೆ ಇದು ಅಗತ್ಯ. ಆದರೆ ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು 20 ಸಾಲುಗಳ ಹಾಸನ್ನು ಸೃಷ್ಟಿಸಿ, 16 ಸಾಲುಗಳ ಕೆಳಗೆ ಆಧಾರರೇಖೆಯನ್ನು ಇರಿಸಲಾಗಿದೆ ಎಂದು ಭಾವಿಸಿದರೆ ರೇಖೆಯ ಕೆಳಗೆ ಉಳಿಯುವುದು 4 ಸಾಲು. ಒತ್ತಿಗೆ 7 ಸಾಲು ಬೇಕಾದಲ್ಲಿ 3 ಸಾಲುಗಳು ಕತ್ತರಿಸಿ ಹೋಗುತ್ತವೆ. ‘ರಾಷ್ಟ್ರ’ದಂತೆ ಎರಡು ಒತ್ತುಗಳಿರುವೆಡೆ ನಷ್ಟ ಇನ್ನೂ ಹೆಚ್ಚು. ಹಾಸನ್ನು ಸೃಷ್ಟಿಸುವ ಮೊದಲೇ ಬರೆಯಬೇಕಾದ ಪಠ್ಯದ ನಿಜವಾದ ಎತ್ತರ, ಇಳಿತ ಮತ್ತು ಅಗಲಗಳನ್ನು ಸಂಯೋಜಕ ತಂತ್ರಾಂಶದಿಂದ ಕೇಳಿ ತಿಳಿಯುವುದೇ ಇದಕ್ಕೆ ಪರಿಹಾರ.

ಎರಡನೆಯದು ಹಿನ್ನೆಲೆಯ ಆಕ್ರಮಣ. ಅಕ್ಷರದ ಜೊತೆಗೆ ಅದರ ಹಿನ್ನೆಲೆಯ ಆಯತವನ್ನೂ ಬಣ್ಣದಿಂದ ತುಂಬುವ ರೂಢಿಯಿದೆ. ಮೊದಲ ಸಾಲನ್ನು ಬರೆದಾಗ ಅದರ ಒತ್ತುಗಳು ಎರಡನೆಯ ಸಾಲಿನ ಆಯತದೊಳಕ್ಕೆ ಇಳಿದಿರುತ್ತವೆ. ಎರಡನೆಯ ಸಾಲಿನ ಹಿನ್ನೆಲೆಯನ್ನು ತುಂಬಿದ ಕ್ಷಣ ಆ ಒತ್ತುಗಳು ಒರೆಸಿ ಹೋಗುತ್ತವೆ. ಹೀಗೆ ಕೊನೆಯ ಸಾಲಿನ ‘ಹಳ್ಳಿ’ ಸರಿಯಾಗಿಯೂ ಅದರ ಮೇಲಿನ ಎಲ್ಲ ಸಾಲುಗಳ ‘ಹಳ್ಳಿ’ ಒತ್ತುಗೆಟ್ಟೂ ಕಾಣುವ ವಿಚಿತ್ರ ದೋಷ ಹುಟ್ಟುತ್ತದೆ. ಎಲ್ಲ ಸಾಲುಗಳ ಹಿನ್ನೆಲೆಯನ್ನು ಮೊದಲು ತುಂಬಿ, ಅನಂತರ ಅಕ್ಷರಗಳನ್ನು ಪಾರದರ್ಶಕವಾಗಿ ಒತ್ತಿದರೆ ದೋಷ ನಿವಾರಣೆಯಾಗುತ್ತದೆ. ಬದಲಾದ ಭಾಗವನ್ನಷ್ಟೇ ಅಳಿಸಿ ಮತ್ತೆ ಬರೆಯುವ ಸಂದರ್ಭದಲ್ಲಿಯೂ ಅಳಿಸುವ ಆಯತ ಒತ್ತನ್ನು ಒಳಗೊಂಡಿರಬೇಕು. ಇಲ್ಲವಾದರೆ ಅಳಿದ ಪದದ ಒತ್ತು ಪರದೆಯ ಮೇಲೆ ಉಳಿದು ಕೆಳಗಿನ ಸಾಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ.

ಮೂರನೆಯದು ಛಾಯೆಯ ದೋಷ. ವಕ್ರರೇಖೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣದಂತೆ ಅಂಚಿನ ಪಿಕ್ಸೆಲ್‌ಗಳಿಗೆ ಬೂದು ಛಾಯೆಯನ್ನು ಕೊಡಲಾಗುತ್ತದೆ. ಪಿಕ್ಸೆಲ್‌ನ ಎಷ್ಟು ಭಾಗವನ್ನು ಅಕ್ಷರ ಆವರಿಸಿದೆಯೋ ಅಷ್ಟು ಪಾಲು ಅಕ್ಷರದ ಬಣ್ಣವನ್ನೂ ಉಳಿದ ಪಾಲು ಹಿನ್ನೆಲೆಯ ಬಣ್ಣವನ್ನೂ ಬೆರೆಸುವುದು ನಿಯಮ. ಹೀಗೆ ಚಿತ್ರಗಳನ್ನು ಬೆರೆಸುವ ಕ್ರಿಯೆಗಳಿಗೆ 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ವ್ಯವಸ್ಥಿತ ಗಣಿತವನ್ನು ಒದಗಿಸಿದರು. ಬಿಳಿ ಹಿನ್ನೆಲೆಯ ಮೌಲ್ಯ 255, ಕಪ್ಪಿನದು 0. ಕಾಲು ಭಾಗ ಆವೃತವಾದ ಪಿಕ್ಸೆಲ್ 191 ಆಗುತ್ತದೆ. ಹಿನ್ನೆಲೆಯನ್ನು ತೆರವುಗೊಳಿಸದೆ ಅದೇ ಅಕ್ಷರವನ್ನು ಮತ್ತೊಮ್ಮೆ ಒತ್ತಿದರೆ 143 ಆಗುತ್ತದೆ. ಪ್ರತಿ ಬಾರಿಯೂ ಅಂಚು ಕಪ್ಪಾಗುತ್ತಾ ಹೋಗಿ ಒತ್ತಿನೊಳಗಿನ ಸಣ್ಣ ತೆರಪು ಮುಚ್ಚಿಹೋಗುತ್ತದೆ. ವಿಂಡೋಸ್ ಎಕ್ಸ್‌ಪಿಯ ಕ್ಲಿಯರ್‌ಟೈಪ್ ತಂತ್ರ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆ ಬೇರೆಯಾಗಿ ಬಳಸಿ ಸ್ಪಷ್ಟತೆಯನ್ನು ಹೆಚ್ಚಿಸಿದ್ದು ಅಡ್ಡಲಾಗಿ ಮಾತ್ರ. ಮೇಲಿನಿಂದ ಕೆಳಕ್ಕೆ ಅಂಥ ಲಾಭವಿರಲಿಲ್ಲ. ನೆಟ್ಟಗಿನ ಗೆರೆಗಳೇ ಹೆಚ್ಚಾಗಿರುವ ಲಿಪಿಗೆ ಅದು ಒಪ್ಪಿತು. ತಲಕಟ್ಟು, ಬಾಗು, ಒತ್ತುಗಳ ಕನ್ನಡಕ್ಕೆ ಅರ್ಧ ಪರಿಹಾರವಷ್ಟೇ ಆಯಿತು.

ಪಹಣಿಯ ಪರದೆ

ಈ ಸೂಕ್ಷ್ಮಗಳು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದವಲ್ಲ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಯ ಸ್ಥಾನವನ್ನು ತಾಲ್ಲೂಕು ಕಚೇರಿಯ ಮುದ್ರಿತ ಪಹಣಿ ಪಡೆಯಿತು. ಅಂದು ಅದರ ಶುಲ್ಕ 15 ರೂಪಾಯಿ. ಪಹಣಿ ವಿತರಿಸುವ ಕೇಂದ್ರಗಳಲ್ಲಿ ಅರ್ಜಿದಾರರ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನು ಇರಿಸುವ ವ್ಯವಸ್ಥೆ ಈ ಯೋಜನೆಯ ಒಂದು ವೈಶಿಷ್ಟ್ಯ. ಒಳಗೆ ನಡೆಯುವ ವ್ಯವಹಾರವನ್ನು ರೈತನು ತನ್ನ ಕಣ್ಣಿನಿಂದಲೇ ಕಾಣಬೇಕೆಂಬುದು ಅದರ ಆಶಯ.

ಆ ಪರದೆಯ ಸಾರ್ಥಕತೆ ಅದರ ಮೇಲೆ ಮೂಡುವ ಅಕ್ಷರದ ನಿಖರತೆಯನ್ನು ಅವಲಂಬಿಸಿದೆ. ಕೊಟ್ಟೂರೇಶ್ವರನ ಪ್ರಭಾವವಿರುವ ಈ ಸೀಮೆಯಲ್ಲಿ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಎಂಬ ಹೆಸರುಗಳು ಸಾಮಾನ್ಯ. ಟಕಾರದ ಕೆಳಗಿನ ರಕಾರದ ಒತ್ತು ಕಾಣದೆ ಹೋದರೆ ಕೊಟ್ರೇಶ ಕೊಟೇಶನಾಗುತ್ತಾನೆ. ಪಕಾರದ ಒತ್ತೂ ಅಳಿದರೆ ಕೊಟ್ರಪ್ಪ ಕೊಟಪನಾಗುತ್ತಾನೆ. ದಾಖಲೆಯ ಸಂಕೇತದಲ್ಲಿ ಹೆಸರು ಸರಿಯಾಗಿದ್ದು ಹಾಸಿನ ಮೇಲೆ ಮಾತ್ರ ತಪ್ಪಾಗಿ ಕಂಡರೆ, ಇರುವ ಸರಿಯನ್ನು ತಪ್ಪೆಂದು ತಿದ್ದುವ ಅಪಾಯವಿದೆ. ಸಂಕೇತದಲ್ಲಿಯೇ ತಪ್ಪಿದ್ದು ಪರದೆಯ ಮಬ್ಬಿನಲ್ಲಿ ಕಾಣದೆ ಹೋದರೆ ಅದು ಮುಂದಿನ ತಲೆಮಾರಿನ ಹಕ್ಕಿನ ಪ್ರಶ್ನೆಯಾಗುತ್ತದೆ. ಓದಿ ನೋಡುವ ಹಕ್ಕು ಓದಲು ಬರುವ ಅಕ್ಷರವಿದ್ದಾಗ ಮಾತ್ರ ಹಕ್ಕು.

ಗ್ರಂಥಾಲಯದ ಹಾಸು

ಗ್ರಂಥಾಲಯ ಮತ್ತು ಹಸ್ತಪ್ರತಿ ಭಂಡಾರಗಳಲ್ಲಿ ಕ್ರಿಯೆ ಹಿಮ್ಮುಖವಾಗಿದೆ. ಅಲ್ಲಿ ಅಕ್ಷರದಿಂದ ಪಿಕ್ಸೆಲ್ ಹುಟ್ಟುವುದಿಲ್ಲ, ಪುಟದಿಂದ ಪಿಕ್ಸೆಲ್ ಹುಟ್ಟುತ್ತದೆ. ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಪುಸ್ತಕಗಳನ್ನು ಅಂಗುಲಕ್ಕೆ 600 ಪಿಕ್ಸೆಲ್‌ನಂತೆ ಕಪ್ಪು ಬಿಳುಪಿನ ಚಿತ್ರಗಳಾಗಿ ಉಳಿಸುವ ಕ್ರಮವಿತ್ತು. 6×9 ಅಂಗುಲದ ಪುಟ ಈ ಪ್ರಮಾಣದಲ್ಲಿ 1,94,40,000 ಪಿಕ್ಸೆಲ್‌ಗಳ ಹಾಸಾಗುತ್ತದೆ. 1 ಬಿಟ್‌ನಲ್ಲಿ ಅದಕ್ಕೆ 24,30,000 ಬೈಟ್ ಸಾಕು. 256 ಛಾಯೆಗಳ ಬೂದು ಚಿತ್ರಕ್ಕೆ ಅದರ ಎಂಟು ಪಟ್ಟು ಬೇಕು. ಈ ಉಳಿತಾಯ ಆಕರ್ಷಕವಾದದ್ದೇ. ಆದರೆ ಕಪ್ಪು ಬಿಳುಪಿಗೆ ಇಳಿಸುವಾಗ ಒಂದು ಮಿತಿಯನ್ನು ಗೊತ್ತುಪಡಿಸಿ, ಅದಕ್ಕಿಂತ ಕಡಿಮೆ ಮೌಲ್ಯವನ್ನು ಕಪ್ಪೆಂದೂ ಹೆಚ್ಚಿನದನ್ನು ಬಿಳಿಯೆಂದೂ ತೀರ್ಮಾನಿಸಬೇಕಾಗುತ್ತದೆ.

ಒಂದು ಓಲೆಗರಿಯ ಕಪ್ಪಾದ ತುದಿಯಲ್ಲಿ ಹಿನ್ನೆಲೆಯ ಮೌಲ್ಯ 110, ಅಕ್ಷರದ್ದು 60 ಎಂದೂ ಮಾಸಿದ ನಡುಭಾಗದಲ್ಲಿ ಹಿನ್ನೆಲೆ 190, ಅಕ್ಷರ 140 ಎಂದೂ ಭಾವಿಸೋಣ. ಮಿತಿಯನ್ನು 128 ಎಂದು ಇಟ್ಟರೆ ತುದಿಯೆಲ್ಲ ಕಪ್ಪಾಗಿ, ನಡುಭಾಗವೆಲ್ಲ ಬಿಳಿಯಾಗಿ ಎರಡೆಡೆಯೂ ಅಕ್ಷರ ಇಲ್ಲವಾಗುತ್ತದೆ. ಕಣ್ಣಿಗೆ ಎರಡೂ ಕಡೆ ಅಕ್ಷರ ಕಾಣುತ್ತಿತ್ತು ಎಂಬುದನ್ನು ಮರೆಯಬಾರದು. ಪ್ರತಿ ಪಿಕ್ಸೆಲ್‌ನ ನೆರೆಹೊರೆಯ ಸರಾಸರಿಯನ್ನು ಆಧರಿಸಿ ಸ್ಥಳೀಯ ಮಿತಿಯನ್ನು ಕಂಡುಕೊಳ್ಳುವ ವಿಧಾನ ಇಲ್ಲಿ ಉಪಯುಕ್ತ. ಅದಕ್ಕಿಂತ ಮುಖ್ಯವಾದುದು ಮೂಲ ಛಾಯೆಗಳ ಹಾಸನ್ನು ಅಳಿಸದೆ ಕಾಪಾಡುವುದು. ಜೆಪೆಗ್ ಸಂಕೋಚನವೂ ಚಿತ್ರವನ್ನು 8×8ರ ಚೌಕಗಳಾಗಿ ಒಡೆದು ಸೂಕ್ಷ್ಮ ವಿವರವನ್ನು ತ್ಯಜಿಸುತ್ತದೆ. ಮಾತೃಪ್ರತಿಯನ್ನು ನಷ್ಟವಿಲ್ಲದ ರೂಪದಲ್ಲಿ ಉಳಿಸಿ, ಓದುಗರ ಬಳಕೆಗೆ ಮಾತ್ರ ಸಂಕುಚಿತ ಪ್ರತಿಯನ್ನು ನೀಡುವುದು ಉಚಿತ. ಚಿತ್ರವನ್ನು ಕಿರಿದಾಗಿಸುವಾಗಲೂ ಸಾಲು ಬಿಟ್ಟು ಸಾಲನ್ನು ಆರಿಸುವುದಕ್ಕಿಂತ ನೆರೆಯ ಪಿಕ್ಸೆಲ್‌ಗಳ ಸರಾಸರಿಯನ್ನು ತೆಗೆಯುವುದು ಮೇಲು. ಬಿಟ್ಟುಹೋದ ಸಾಲಿನಲ್ಲಿಯೇ ಒತ್ತಿನ ತೆಳುಗೆರೆ ಇರಬಹುದು.

ಸಮಾರೋಪ

ಪಿಕ್ಸೆಲ್ ಹಾಸು ಅಕ್ಷರವನ್ನು ಅರಿಯದು. ಅದು ಅರಿತಿರುವುದು ಮೌಲ್ಯಗಳನ್ನು ಮಾತ್ರ. ಹಾಸಿನ ಮೇಲೆ ಮೂಡಿದ ಹೊಸಹಳ್ಳಿಯನ್ನು ಹುಡುಕಲು, ಅಕಾರಾದಿಯಾಗಿ ಜೋಡಿಸಲು ಸಾಧ್ಯವಿಲ್ಲ. ಸಂಕೇತವಾಗಿ ಮಾತ್ರ ಉಳಿದ ಹೊಸಹಳ್ಳಿಯಲ್ಲಿ ಲಿಪಿಕಾರನ ಕೈ, ಕಾಗದದ ವಯಸ್ಸು, ತಿದ್ದುಪಡಿಯ ಗುರುತು ಇರುವುದಿಲ್ಲ. ದಾಖಲೆಗಳ ರಕ್ಷಣೆಯಲ್ಲಿ ಇವೆರಡೂ ಜೊತೆಯಾಗಿ ಉಳಿಯಬೇಕು.

ತಂತ್ರಾಂಶ ರಚಿಸುವವರ ಮಟ್ಟಿಗೆ ಇಲ್ಲಿಯ ವಿವೇಚನೆಯಿಂದ ಹೊರಡುವ ಸೂತ್ರಗಳು ಸರಳವಾಗಿವೆ. ಅಳೆದು ನಂತರ ಹಾಸನ್ನು ಸೃಷ್ಟಿಸಬೇಕು. ಹಿನ್ನೆಲೆಯನ್ನು ಮೊದಲು, ಅಕ್ಷರವನ್ನು ಅನಂತರ ಒತ್ತಬೇಕು. ಮತ್ತೆ ಬರೆಯುವ ಮೊದಲು ಪೂರ್ಣವಾಗಿ ತೆರವುಗೊಳಿಸಬೇಕು. ಪರೀಕ್ಷೆಯನ್ನು ಒತ್ತಕ್ಷರಗಳುಳ್ಳ ಪದಗಳಿಂದಲೇ ನಡೆಸಬೇಕು. ಕೊನೆಯ ಸೂತ್ರಕ್ಕೆ ಬೇರೆ ಪದಪಟ್ಟಿ ಬೇಕಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳನ್ನು ಒಂದರ ಕೆಳಗೊಂದು ಬರೆಸಿ ನೋಡಿದರೆ ಸಾಕು. ಹಡಗಲಿಯೊಂದೇ ಸರಿಯಾಗಿ ಕಂಡರೆ ಆ ತಂತ್ರಾಂಶ ಕನ್ನಡಕ್ಕೆ ಇನ್ನೂ ಸಿದ್ಧವಾಗಿಲ್ಲವೆಂದೇ ತಿಳಿಯಬೇಕು.